ಬಾಕಿ ಕೊಡದೆ ಹೋದ ಅತಿಥಿಗಳ ಆಧಾರ್, ಸಿಸಿಟಿವಿ ವಿಡಿಯೊ ಫೇಸ್‌ಬುಕ್‌ಗೆ ಹಾಕಬಹುದೇ?

ಮೂಡಿಗೆರೆ ಕಡೆ ಹೋಂಸ್ಟೇ ನಡೆಸುತ್ತೀರಿ, ಅತಿಥಿಗಳು ರೂಮು ಹಾಳುಮಾಡಿ ಬಾಕಿ ಕೊಡದೆ ಹೋಗಿದ್ದಾರೆ, ಅವರ ಆಧಾರ್ ಜೆರಾಕ್ಸ್, ಫೋನ್ ನಂಬರ್, ಸಿಸಿಟಿವಿ ವಿಡಿಯೊ ಹಾಕಿ ಉಳಿದ ಹೋಂಸ್ಟೇಯವರನ್ನು ಎಚ್ಚರಿಸಬೇಕೆಂದಿದ್ದೀರಿ. ನಾನು ಚಿಕ್ಕಮಗಳೂರಿನಲ್ಲಿ ವಕೀಲ. ದಯವಿಟ್ಟು ಹಾಕಬೇಡಿ. ಈಗ ದೂರು ಕೊಡಬೇಕಾದವರು ನೀವು. ಪೋಸ್ಟ್ ಬಿದ್ದ ಮೇಲೆ ಅವರೂ ನಿಮ್ಮ ಮೇಲೆ ದೂರು ಕೊಡಬಹುದು.

ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದಕ್ಕೆ ಆಧಾರ್ ಕಾಯ್ದೆಯ 29ನೇ ಸೆಕ್ಷನ್ನಿನಲ್ಲೇ ನಿಷೇಧವಿದೆ. ಅವರು ಅದನ್ನು ಕೊಟ್ಟದ್ದು ನಿಮ್ಮ ರಿಜಿಸ್ಟರಿಗೆ, ಊರಿಗೆಲ್ಲ ಅಲ್ಲ.

'ನಿಜಾನೇ ಬರೀತೀನಲ್ಲ' ಎಂದು ಕಕ್ಷಿದಾರರು ವಾದಿಸುತ್ತಾರೆ. ಮಾನನಷ್ಟದ ಕ್ರಿಮಿನಲ್ ಕೇಸಿನಲ್ಲಿ, ಅಂದರೆ ಹಳೆಯ ಐಪಿಸಿ 499, ಈಗಿನ ಭಾರತೀಯ ನ್ಯಾಯ ಸಂಹಿತೆಯ 356ರಲ್ಲಿ, ನಿಜ ಎಂಬುದೊಂದೇ ಸಾಲದು. ಅದನ್ನು ಪ್ರಕಟಿಸಿದ್ದರಿಂದ ಸಾರ್ವಜನಿಕ ಹಿತವಿತ್ತು ಎಂದೂ ತೋರಿಸಬೇಕು. ಶಿಕ್ಷೆ 2 ವರ್ಷದವರೆಗೆ ಇದೆ. ನಮ್ಮ ವಾಟ್ಸಾಪ್ ಗ್ರೂಪಿಗಷ್ಟೇ ಹಾಕಿದ್ದು ಎಂದರೂ ನಡೆಯುವುದಿಲ್ಲ. ಮೂರನೆಯವರೊಬ್ಬರಿಗೆ ತಲುಪಿದರೂ ಸಾಕು.

ನನಗೆ ಹೆಚ್ಚು ಆತಂಕವಿರುವುದು ವಿಡಿಯೊ ಬಗ್ಗೆ. ಅದರಲ್ಲಿ ಹೆಂಗಸರು, ಮಕ್ಕಳು ಇದ್ದರೆ ಅವರಿಗೂ ನಿಮ್ಮ ಬಿಲ್ಲಿಗೂ ಏನು ಸಂಬಂಧ? 2024ರಲ್ಲಿ ಪಕ್ಕದ ಹಾಸನದಲ್ಲಿ ಹೆಂಗಸರ ಅಶ್ಲೀಲ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಬೀದಿಗೆ ಬಿದ್ದಾಗ ಏನಾಯಿತೆಂದು ನಾವೆಲ್ಲ ನೋಡಿದ್ದೇವೆ. ವಿಡಿಯೊ ಹಂಚುವುದೂ ಅಪರಾಧ ಎಂದು ವಿಶೇಷ ತನಿಖಾ ತಂಡವಾದ ಎಸ್‌ಐಟಿ ಎಚ್ಚರಿಸಬೇಕಾಯಿತು. ಅಷ್ಟರಲ್ಲಿ ಎಷ್ಟೋ ಹೆಣ್ಣುಮಕ್ಕಳ ಮುಖ ಮೊಬೈಲಿಂದ ಮೊಬೈಲಿಗೆ ಹೋಗಿತ್ತು. ನಿಮ್ಮದು ಅಂಥ ವಿಡಿಯೊ ಅಲ್ಲ, ಗೊತ್ತು. ಆದರೆ ಒಮ್ಮೆ ಕೈಬಿಟ್ಟ ವಿಡಿಯೊಗೆ ಯಾರು ಯಾವ ಕಥೆ ಅಂಟಿಸುತ್ತಾರೋ ನಿಮ್ಮ ಹಿಡಿತದಲ್ಲಿರುವುದಿಲ್ಲ. ನೀವು ಡಿಲೀಟ್ ಮಾಡಿದರೂ ಫಾರ್ವರ್ಡ್ ಆದದ್ದು ವಾಪಸ್ ಬರುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದರು. ಆ ಅರ್ಜಿ ಹಾಕಿದ್ದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಸಿಸಿಟಿವಿ ದೃಶ್ಯ ಉಳಿಸಿಡುವ ಡಿವಿಆರ್‌ನಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಬಂದು ಕೂರುತ್ತದೆ, ಆದ್ದರಿಂದ ಇವತ್ತೇ ಕಾಪಿ ತೆಗೆದಿಡಿ. ಕೋರ್ಟಿಗೆ ಅದನ್ನು ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು, ವಕೀಲರು ಮಾಡಿಸಿಕೊಡುತ್ತಾರೆ. ಹಾಳಾದ ಸಾಮಾನಿನ ಫೋಟೊ, ಬುಕಿಂಗ್ ಮೆಸೇಜು, ಬಿಲ್ಲು ಸೇರಿಸಿ ಠಾಣೆಗೆ ದೂರು ಕೊಡಿ, ಹಣಕ್ಕೆ ನೋಟಿಸ್ ಕಳಿಸಿ. ಆ್ಯಪ್ ಮೂಲಕ ಬಂದವರಾದರೆ ಅಲ್ಲಿಯೂ ದೂರು ದಾಖಲಿಸಿ. ಗ್ರೂಪಿನಲ್ಲಿ ಬರೆಯಲೇಬೇಕೆಂದರೆ ಹೆಸರು, ಗಾಡಿ ನಂಬರ್ ಬಿಟ್ಟು ಆದದ್ದನ್ನಷ್ಟೇ ಬರೆದು, ಮುಂಗಡ ಪೂರ್ತಿ ತೆಗೆದುಕೊಳ್ಳಿ ಎಂದು ಹೇಳಿ.