ಓದುಗರ ಪ್ರಶ್ನೆ: ಬೇಸ್‌ಬಾಲ್‌ನ ಮೈನರ್ ಲೀಗ್ ಪಿಚರ್ ಮೇಲೇರುವನೇ?

ಪ್ರಶ್ನೆ: ಅಮೆರಿಕದ ಡಬಲ್-ಎ (ಮೇಜರ್ ಲೀಗಿಗಿಂತ ಎರಡು ಮೆಟ್ಟಿಲು ಕೆಳಗಿನ ಹಂತ) ತಂಡವೊಂದರ 22 ವರ್ಷದ ಬಲಗೈ ಪಿಚರ್‌ನ (ಚೆಂಡು ಎಸೆಯುವವನ) ಆಟ ಗಮನಿಸುತ್ತಿದ್ದೇನೆ. ಗಂಟೆಗೆ 96 ಮೈಲಿ ವೇಗ, ಒಳ್ಳೆಯ ಸ್ಲೈಡರ್ (ಪಕ್ಕಕ್ಕೆ ತಿರುಗುವ ಎಸೆತ); ಆದರೂ ಇಆರ್‌ಎ 4.90. ಮೇಜರ್ ಲೀಗ್ ಆಸೆ ಬಿಡಬೇಕೆ?
— ಮೈಸೂರಿನ ಓದುಗರು

ಉತ್ತರ: ಇಆರ್‌ಎ ಎಂದರೆ ಒಂಬತ್ತು ಇನಿಂಗ್ಸ್‌ಗೆ (ಮೂವರು ಔಟಾದರೆ ಒಂದು ಇನಿಂಗ್ಸ್) ಪಿಚರ್ ಕೊಟ್ಟ ರನ್, ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟು. ಮೈನರ್ ಲೀಗಿನಲ್ಲಿ ಅದನ್ನು ಕೊನೆಗೆ ನೋಡಿ. ಅರವತ್ತು ಚಿಲ್ಲರೆ ಇನಿಂಗ್ಸ್ ಎಸೆದವನಿಗೆ ಎರಡು ಕೆಟ್ಟ ದಿನ ಬಂದರೆ ಸಾಕು, ಅದು ಒಂದು ರನ್‌ಗೂ ಹೆಚ್ಚು ಏರಿಬಿಡುತ್ತದೆ.

ಮೊದಲು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಮತ್ತು ವಾಕ್ (ಗುರಿ ತಪ್ಪಿದ ನಾಲ್ಕು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಮೊದಲ ಬೇಸ್) ಎಣಿಸಿ. ಭಾಗಿಸಬೇಕಾದ್ದು ಇನಿಂಗ್ಸ್‌ನಿಂದಲ್ಲ, ಅವನು ಎದುರಿಸಿದ ಬ್ಯಾಟರ್‌ಗಳ ಸಂಖ್ಯೆಯಿಂದ. ಗುರಿ ತಪ್ಪುವವನಿಗೆ ಒಂದೇ ಇನಿಂಗ್ಸ್‌ನಲ್ಲಿ ಏಳೆಂಟು ಬ್ಯಾಟರ್‌ಗಳು ಸಿಗುತ್ತಾರೆ, ಸ್ಟ್ರೈಕ್‌ಔಟ್ ಲೆಕ್ಕವೂ ಉಬ್ಬುತ್ತದೆ. 200 ಬ್ಯಾಟರ್‌ಗಳಿಗೆ 54 ಸ್ಟ್ರೈಕ್‌ಔಟ್, 16 ವಾಕ್ ಇದ್ದರೆ ಶೇ. 27 ಮತ್ತು ಶೇ. 8. ನಿಶ್ಚಿಂತೆಯಿಂದಿರಿ. ವಾಕ್ 28 ಆದರೆ, ಅಂದರೆ ಶೇ. 14, ವೇಗ ಎಷ್ಟಿದ್ದರೂ ಮೇಜರ್ ಲೀಗಿನ ಕೆಳಗಿನ ಮೆಟ್ಟಿಲಾದ ಟ್ರಿಪಲ್-ಎಯಲ್ಲಿ ಕಷ್ಟ. ಅಲ್ಲಿ ಮೇಜರ್ ಲೀಗ್ ಆಡಿ ಬಂದವರೇ ಬಹಳ. ಹೊರಗೆ ಹೋಗುವ ಸ್ಲೈಡರ್‌ಗೆ ಅವರು ಬ್ಯಾಟ್ ಬೀಸುವುದಿಲ್ಲ.

ಇನ್ನು ಮೂರನೆಯ ಎಸೆತ. ಬಲಗೈ ಪಿಚರ್‌ನ ಸ್ಲೈಡರ್ ಎಡಗೈ ಬ್ಯಾಟರ್ ಕಡೆಗೇ ತಿರುಗುವುದರಿಂದ ಅವನಿಗೆ ಅದು ಅಷ್ಟು ಭಯವಲ್ಲ. ಆಗ ಬೇಕಾಗುವುದು ಚೇಂಜ್‌ಅಪ್: ಫಾಸ್ಟ್‌ಬಾಲ್‌ಗಿಂತ ಎಂಟು–ಹತ್ತು ಮೈಲಿ ನಿಧಾನ, ಆದರೆ ತೋಳಿನ ಬೀಸು ಅದೇ ವೇಗದ್ದು. ಚೆಂಡನ್ನು ಬೆರಳ ತುದಿಯಲ್ಲಿ ಹಿಡಿದರೆ ವ್ಯತ್ಯಾಸ ನಾಲ್ಕೈದು ಮೈಲಿಗೆ ಇಳಿದು ಅದು ಬರೀ ಸೋತ ಫಾಸ್ಟ್‌ಬಾಲ್ ಆಗುತ್ತದೆ. ಅಂಗೈ ಒಳಕ್ಕೆ ಹಿಡಿಯಬೇಕು. ವೇಗ ಇಳಿಸಲೆಂದು ತೋಳನ್ನೇ ನಿಧಾನ ಮಾಡಿದರೆ ಬ್ಯಾಟರ್‌ಗೆ ತಕ್ಷಣ ಗೊತ್ತಾಗುತ್ತದೆ. ಎರಡನೆಯ ತಪ್ಪು ಹೆಚ್ಚು ಸಾಮಾನ್ಯ. ಚೇಂಜ್‌ಅಪ್ ಒಲಿಯದಿದ್ದರೂ ದಾರಿ ಮುಚ್ಚಿಲ್ಲ: ಪಂದ್ಯದ ನಡುವೆ ಬಂದು ಒಂದು ಇನಿಂಗ್ಸ್ ಎಸೆಯುವ ರಿಲೀವರ್‌ಗೆ ಎರಡು ಎಸೆತ ಸಾಕು.

ಮುಂದೆ ಅವನು ಆಲ್ಬುಕರ್ಕಿ, ರೆನೊ ಕಡೆಯ ಟ್ರಿಪಲ್-ಎ ಮೈದಾನಗಳಲ್ಲಿ ಆಡಿದರೆ ಇಆರ್‌ಎಯನ್ನು ಇನ್ನೂ ನಂಬಬೇಡಿ. ಎತ್ತರದ ತೆಳು ಗಾಳಿಯಲ್ಲಿ ಹೊಡೆದ ಚೆಂಡು ದೂರ ಹಾರುತ್ತದೆ, ಎಸೆದ ಚೆಂಡು ಕಡಿಮೆ ತಿರುಗುತ್ತದೆ.

ಪ್ರಶ್ನೆ: ಮೊಣಕೈ ಶಸ್ತ್ರಚಿಕಿತ್ಸೆ ಆದ ಪಿಚರ್ ಮರಳಲು ಎಷ್ಟು ಕಾಲ?
— ಹುಬ್ಬಳ್ಳಿ

ಉತ್ತರ: 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲು ಮಾಡಿದ, ಆ ರೋಗಿಯ ಹೆಸರಿನಿಂದಲೇ ಟಾಮಿ ಜಾನ್ ಎಂದು ಕರೆಯುವ ಶಸ್ತ್ರಚಿಕಿತ್ಸೆಯಾದರೆ 12ರಿಂದ 18 ತಿಂಗಳು. ಹರಿದ ಅಸ್ಥಿರಜ್ಜುವಿನ ಜಾಗಕ್ಕೆ ದೇಹದ ಬೇರೆಡೆಯ, ಹೆಚ್ಚಾಗಿ ಮುಂಗೈಯ, ಸ್ನಾಯುರಜ್ಜು ಹಾಕುತ್ತಾರೆ. ನಾಲ್ಕೈದು ತಿಂಗಳಿಗೆ ಸಮತಟ್ಟು ನೆಲದಲ್ಲಿ 45 ಅಡಿ ದೂರಕ್ಕೆ ಮೆಲ್ಲಗೆ ಎಸೆಯುವುದು, ಮೆಲ್ಲಮೆಲ್ಲನೆ 120 ಅಡಿ, ಆಮೇಲಷ್ಟೇ ಪಿಚರ್ ನಿಂತು ಎಸೆಯುವ ದಿಬ್ಬ. ವೇಗ ಮೊದಲು ಮರಳುತ್ತದೆ, ಗುರಿ ಕೊನೆಗೆ. ಆದ್ದರಿಂದ ಮರಳಿದ ಮೊದಲ ವರ್ಷದ ವಾಕ್‌ಗಳನ್ನು ನೋಡಿ ತೀರ್ಪು ಕೊಡುವುದು ಅನ್ಯಾಯ.

ಪ್ರಶ್ನೆ: ಮೇಲಿನ ತಂಡಕ್ಕೆ ಕರೆದು ವಾರದಲ್ಲೇ ವಾಪಸ್ ಕಳಿಸುತ್ತಾರಲ್ಲ, ಅದು ಶಿಕ್ಷೆಯೇ?
— ಶಿವಮೊಗ್ಗ

ಉತ್ತರ: ಅಲ್ಲ. ಮೇಜರ್ ಲೀಗ್ ತಂಡದ 40 ಜನರ ಪಟ್ಟಿಗೆ ಸೇರಿದವನನ್ನು ಸಾಮಾನ್ಯವಾಗಿ ಮೂರು ವರ್ಷ ಹೀಗೆ ಇಳಿಸಬಹುದು. ಒಂದು ವರ್ಷದಲ್ಲಿ ಎಷ್ಟು ಸಲ ಇಳಿದರೂ ಒಂದೇ ಲೆಕ್ಕ (2022ರಿಂದ ಐದು ಸಲದ ಮಿತಿ ಇದೆ). ಒಟ್ಟು 20 ದಿನಕ್ಕಿಂತ ಕಡಿಮೆ ಕೆಳಗಿದ್ದರೆ ಆ ವರ್ಷ ಲೆಕ್ಕಕ್ಕೇ ಬರದು. ಮೂರೂ ಮುಗಿದ ಮೇಲೆ ಇಳಿಸಬೇಕಾದರೆ ಉಳಿದ ತಂಡಗಳಿಗೆ ಅವನನ್ನು ಎತ್ತಿಕೊಳ್ಳುವ ಅವಕಾಶ ಕೊಡಬೇಕು.

ಪ್ರಶ್ನೆ: ನಮ್ಮ ವೇಗದ ಬೌಲರ್‌ಗಳು ಪಿಚರ್ ಆಗಬಹುದೇ?
— ದಾವಣಗೆರೆ

ಉತ್ತರ: ಬೌಲಿಂಗಿಗಿಂತ ಬೌಂಡರಿಯಿಂದ ವಿಕೆಟ್‌ಕೀಪರ್‌ಗೆ ಎಸೆಯುವ ಎಸೆತವೇ ಪಿಚಿಂಗ್‌ಗೆ ಹತ್ತಿರ. ಪಿಚರ್‌ಗೆ ಓಟವಿಲ್ಲ, ಹತ್ತು ಅಂಗುಲ ಎತ್ತರದ ದಿಬ್ಬದಲ್ಲಿ ನಿಂತು ಮೊಣಕೈ ಮಡಿಸಿ ಎಸೆಯಬೇಕು. 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದ ಉತ್ತರ ಪ್ರದೇಶದ ರಿಂಕು ಸಿಂಗ್ (ಕ್ರಿಕೆಟಿಗ ರಿಂಕು ಅಲ್ಲ), ದಿನೇಶ್ ಪಟೇಲ್ ಬೌಲರ್‌ಗಳಲ್ಲ, ಜಾವೆಲಿನ್ ಎಸೆಯುತ್ತಿದ್ದವರು. ರಿಂಕು ಡಬಲ್-ಎಗಿಂತ ಕೆಳಗಿನ ಸಿಂಗಲ್-ಎವರೆಗೆ ಏರಿದರು. ಆಮೇಲೆ ಗಾಯಗಳು ತಡೆದವು.