ಓದುಗರು ಕೇಳಿದ್ದು: ಇಂಗ್ಲಿಷಿನ ‘ಬೈ’

ಇಂಗ್ಲಿಷ್ ಬಳಕೆಯ ಬಗ್ಗೆ ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ‘ಬೈ’ ಪದದ್ದೇ ದೊಡ್ಡ ಪಾಲು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಬ್ಯಾಂಕಿನ ಪತ್ರದಲ್ಲಿ ‘ಬೈ 20 ಜೂನ್’ ಕಾಗದ ಒಪ್ಪಿಸಿ ಎಂದಿದೆ. 20ನೇ ತಾರೀಖು ಅದರಲ್ಲಿ ಸೇರುತ್ತದೆಯೇ? ‘ಅಂಟಿಲ್’ ಎಂದು ಬರೆದಿದ್ದರೆ ವ್ಯತ್ಯಾಸ ಆಗುತ್ತಿತ್ತೇ? (ಮೂಡಿಗೆರೆ)

ಸೇರುತ್ತದೆ. ‘ಬೈ’ ಎಂದರೆ ಆ ದಿನ ಮುಗಿಯುವುದರೊಳಗೆ ಎಂದು. ಗಂಟೆಯನ್ನೂ ಹೇಳಿದ್ದರೆ, ಉದಾಹರಣೆಗೆ ‘ಬೈ 4 ಪಿಎಂ’ ಎಂದಿದ್ದರೆ, ನಾಲ್ಕು ಗಂಟೆಗೆ ಬಾಗಿಲು ಮುಚ್ಚಿತು ಎಂದೇ ತಿಳಿಯಿರಿ. ‘ಬಿಫೋರ್ 20 ಜೂನ್’ ಎಂದಿದ್ದರೆ ಮಾತ್ರ 19ಕ್ಕೇ ಗಡುವು ಮುಗಿಯುತ್ತದೆ. ನೀವೇ ಪತ್ರ ಬರೆಯುವವರಾದರೆ ‘ಆನ್ ಆರ್ ಬಿಫೋರ್’ ಎಂದು ಬರೆದುಬಿಡಿ, ಯಾರೂ ತಕರಾರು ತೆಗೆಯುವಂತಿಲ್ಲ.

‘ಬೈ’ ಮತ್ತು ‘ಅಂಟಿಲ್’ ಬೇರೆ ಮಾಡಲು ಕನ್ನಡದಲ್ಲೇ ಒರೆಗಲ್ಲಿದೆ. ಮನಸ್ಸಿನಲ್ಲಿ ‘ಒಳಗೆ’ ಎಂದು ಬಂದರೆ ‘ಬೈ’. ‘ತನಕ’ ಎಂದು ಬಂದರೆ ‘ಅಂಟಿಲ್’ ಅಥವಾ ‘ಟಿಲ್’. ಒಮ್ಮೆ ಮಾಡಿ ಮುಗಿಸುವ ಕೆಲಸಕ್ಕೆ ಮೊದಲನೆಯದು, ಎಡೆಬಿಡದೆ ನಡೆಯುವುದಕ್ಕೆ ಎರಡನೆಯದು. ‘ಆಫೀಸ್ ಈಸ್ ಓಪನ್ ಬೈ ಫೈವ್’ ತಪ್ಪು, ಏಕೆಂದರೆ ಐದರ ತನಕ ಅದು ತೆರೆದೇ ಇರುತ್ತದೆ. ‘ಪ್ಲೀಸ್ ಸಬ್ಮಿಟ್ ದಿ ಫಾರ್ಮ್ ಅಂಟಿಲ್ ಟೆನ್ತ್’ ಕೂಡ ತಪ್ಪು. ಅದನ್ನು ಓದಿದವನು ಹತ್ತರ ತನಕ ದಿನಾ ಒಂದು ಫಾರಂ ಕೊಡಬೇಕೇನೋ ಎಂದುಕೊಂಡಾನು. ಆದರೆ ‘ಹತ್ತರವರೆಗೆ ಅರ್ಜಿ ಸ್ವೀಕರಿಸಲಾಗುವುದು’ ಎನ್ನುವಾಗ ಸ್ವೀಕರಿಸುವ ಕೆಲಸ ಅಷ್ಟೂ ದಿನ ನಡೆಯುತ್ತದಲ್ಲ, ಅಲ್ಲಿ ‘ಅಂಟಿಲ್’ ಸರಿ.

‘ನಾಟ್’ ಬಂದಾಗ ಎಡವುವುದು ಹೆಚ್ಚು. ‘ಐ ವಿಲ್ ನಾಟ್ ಫಿನಿಶ್ ಬೈ ಫ್ರೈಡೇ’ ಎಂದರೆ ಶುಕ್ರವಾರದೊಳಗೆ ಆಗುವುದಿಲ್ಲ, ಮುಂದೆ ಯಾವಾಗಲೋ. ‘ಐ ವಿಲ್ ನಾಟ್ ಫಿನಿಶ್ ಅಂಟಿಲ್ ಫ್ರೈಡೇ’ ಎಂದರೆ ಶುಕ್ರವಾರ ಆಗುತ್ತದೆ, ಅದಕ್ಕೆ ಮೊದಲು ಕೇಳಬೇಡಿ ಎಂದು. ಗಿರಾಕಿಗೆ ಕಳಿಸುವ ಸಂದೇಶದಲ್ಲಿ ಇವೆರಡು ಅದಲುಬದಲಾದರೆ ಜಗಳಕ್ಕೆ ದಾರಿ.

ನೋಟಿಸುಗಳಲ್ಲಿ ಬರುವ ‘ವಿದಿನ್ 15 ಡೇಸ್ ಫ್ರಮ್’ ಲೆಕ್ಕ ಬೇರೆ. ಕೇಂದ್ರದ 1897ರ ಜನರಲ್ ಕ್ಲಾಸಸ್ ಕಾಯ್ದೆಯ 9ನೇ ಕಲಮಿನಂತೆ ‘ಫ್ರಮ್’ ಎಂದು ಹೇಳಿದ ಮೊದಲ ದಿನವನ್ನು ಎಣಿಸುವುದಿಲ್ಲ. ನೋಟಿಸು ಜೂನ್ 5ಕ್ಕೆ ಕೈ ಸೇರಿ, ದಿನ ಅಲ್ಲಿಂದ ಎಣಿಸಬೇಕೆಂದಿದ್ದರೆ 6ರಿಂದ ಶುರು, 20 ಕೊನೆಯ ದಿನ. ಕೊನೆಯ ದಿನ ಕೋರ್ಟೋ ಕಚೇರಿಯೋ ಮುಚ್ಚಿದ್ದರೆ ಮತ್ತೆ ತೆರೆದ ದಿನ ಸಲ್ಲಿಸಬಹುದು ಎನ್ನುತ್ತದೆ 10ನೇ ಕಲಮು. ಇದು ಕೇಂದ್ರ ಕಾಯ್ದೆಗಳ ಕೆಳಗಿನ ಕೆಲಸಗಳ ಮಾತು. ಖಾಸಗಿ ಕರಾರಿನಲ್ಲಿ ಈ ರಿಯಾಯಿತಿಯನ್ನು ನಂಬಿ ಕೂರಬೇಡಿ.

ಪಹಣಿಯಲ್ಲಿ ಸರ್ವೆ ನಂಬರ್ 45/2 ಎಂದಿದೆ. ‘ನಲವತ್ತೈದು ಬೈ ಎರಡು’ ಎಂದು ಫೋನಿನಲ್ಲಿ ಹೇಳಿದರೆ ಹೊರದೇಶದಲ್ಲಿರುವ ಮಗನ ಲಾಯರಿಗೆ ಅರ್ಥವಾಗಲಿಲ್ಲ. ಏನು ತಪ್ಪು? (ಸಕಲೇಶಪುರ)

ನಮ್ಮ ಕಡೆ ‘ಬೈ’ ಎನ್ನುವುದು ಓರೆಗೆರೆಯ ಹೆಸರೇ ಆಗಿಬಿಟ್ಟಿದೆ. ಮನೆ ನಂಬರಿನಲ್ಲೂ ಅದೇ, ಭಿನ್ನರಾಶಿಯಲ್ಲೂ ಅದೇ, ಹೋಟೆಲಿನ ಒನ್ ಬೈ ಟೂ ಕಾಫಿಯಲ್ಲೂ ಅದೇ. ಶಾಲೆಯ ‘ಡಿವೈಡೆಡ್ ಬೈ’ಯಲ್ಲಿ ಮೊದಲ ಪದ ಉದುರಿ ‘ಬೈ’ ಮಾತ್ರ ಉಳಿದಂತಿದೆ. ಹೊರಗಿನವರು ಮುಕ್ಕಾಲನ್ನು ‘ತ್ರೀ ಕ್ವಾರ್ಟರ್ಸ್’ ಅಥವಾ ‘ತ್ರೀ ಓವರ್ ಫೋರ್’ ಎನ್ನುತ್ತಾರೆ. ‘ತ್ರೀ ಬೈ ಫೋರ್’ ಎಂದರೆ ಅವರ ಕಿವಿಗೆ ಅದು ಉದ್ದ-ಅಗಲ. ನಾವೂ ಸೈಟಿನ ಮಾತು ಬಂದಾಗ ಹಾಗೇ ಹೇಳುತ್ತೇವೆ: ತರ್ಟಿ ಬೈ ಫಾರ್ಟಿ ಎಂದರೆ 1200 ಚದರಡಿ. ಅಂದರೆ ಒಂದೇ ‘ಬೈ’ ನಮ್ಮಲ್ಲಿ ಭಾಗಿಸುತ್ತದೆ, ಗುಣಿಸುತ್ತದೆ. ತೋಟದ ಜೀಪಿನ ‘ಫೋರ್ ಬೈ ಫೋರ್’ನಲ್ಲಿ ಎರಡೂ ಅಲ್ಲ. ಅಲ್ಲಿ ಮೊದಲನೆಯದು ಒಟ್ಟು ಚಕ್ರ, ಎರಡನೆಯದು ಎಂಜಿನ್ನಿನ ಬಲ ಹೋಗುವ ಚಕ್ರ.

ಹಾಗಾಗಿ ನಿಮ್ಮ 45/2 ಆ ಲಾಯರಿಗೆ ಜಮೀನಿನ ಅಳತೆಯಂತೆ ಕೇಳಿಸಿರಬೇಕು. ಬರೆಯುವಾಗ ‘ಸರ್ವೆ ನಂಬರ್ 45, ಹಿಸ್ಸಾ 2’ ಎಂದು ಬಿಡಿಸಿ ಬರೆಯಿರಿ, ಹಿಸ್ಸಾ ಎಂದರೆ ಆ ನಂಬರಿನ ಒಳತುಂಡು ಎಂದು ಒಂದು ಸಾಲು ಸೇರಿಸಿ. ಬಾಯಲ್ಲಿ ಹೇಳುವಾಗ ‘ಫಾರ್ಟಿ ಫೈವ್ ಸ್ಲ್ಯಾಶ್ ಟೂ’ ಸಾಕು.

‘ಮೈ ಪ್ಯಾಡಿ ವಾಸ್ ಡ್ಯಾಮೇಜ್ಡ್ ವಿತ್ ಎಲಿಫೆಂಟ್ಸ್’ ಎಂದು ಬರೆದಿದ್ದೆ. ‘ಬೈ’ ಹಾಕಬೇಕು ಎಂದರು. ಕನ್ನಡದಲ್ಲಿ ಎರಡಕ್ಕೂ ‘ಇಂದ’ ತಾನೇ? (ಆಲೂರು)

ಗೊಂದಲದ ಬೇರು ಅದೇ ‘ಇಂದ’. ಕೆಲಸ ಮಾಡಿದವರಿಗೆ ‘ಬೈ’, ಕೈಯಲ್ಲಿ ಹಿಡಿದ ಸಾಧನಕ್ಕೆ ‘ವಿತ್’. ಕೊಂಬೆಯನ್ನು ಆಳು ಕತ್ತಿಯಿಂದ ಕಡಿದ ಎಂದರೆ ‘ಕಟ್ ಬೈ ದಿ ವರ್ಕರ್ ವಿತ್ ಎ ನೈಫ್’. ನಿಮ್ಮ ವಾಕ್ಯದಲ್ಲಿ ಯಾರೋ ಆನೆಗಳನ್ನು ಬಳಸಿ ಗದ್ದೆ ಹಾಳು ಮಾಡಿದ ಹಾಗಾಯಿತು! ಮಳೆ, ಗಾಳಿ, ಕೊಳೆರೋಗಕ್ಕೂ ‘ಬೈ’ಯೇ: ‘ಡ್ಯಾಮೇಜ್ಡ್ ಬೈ ಹೆವಿ ರೇನ್’. ಆದರೆ ಜ್ವರದಿಂದ ಸತ್ತ ಎನ್ನಲು ‘ಡೈಡ್ ಆಫ್’. ಗೆಳೆಯನಿಂದ ತಿಳಿಯಿತು ಎನ್ನಲು ‘ಥ್ರೂ’ ಅಥವಾ ‘ಫ್ರಮ್’. ಇಲ್ಲೆಲ್ಲ ‘ಬೈ’ ಸಲ್ಲದು.

ಪರಿಹಾರದ ಅರ್ಜಿಗೆ ನೇರ ವಾಕ್ಯವೇ ಒಳ್ಳೆಯದು: ‘ಎಲಿಫೆಂಟ್ಸ್ ಡ್ಯಾಮೇಜ್ಡ್ ಮೈ ಪ್ಯಾಡಿ ಆನ್ 12 ಅಕ್ಟೋಬರ್’. ಅಂದ ಹಾಗೆ, ಅರಣ್ಯ ಇಲಾಖೆಗೆ ಕನ್ನಡದಲ್ಲೇ ಬರೆಯಬಹುದು. ಬರೆಯುವಾಗ ‘ಆನೆಗಳಿಂದ ತುಳಿಯಲ್ಪಟ್ಟಿದೆ’ ಎಂದು ಇಂಗ್ಲಿಷಿನ ‘ಬೈ’ಯನ್ನು ಕನ್ನಡಕ್ಕೆ ಎಳೆದು ತರಬೇಡಿ. ‘ಆನೆಗಳು ತುಳಿದಿವೆ’ ಎಂದರೆ ಆಯಿತು.

ಕಾಫಿ ದರ ‘ಇನ್ಕ್ರೀಸ್ಡ್ ಬೈ 500’ ಮತ್ತು ‘ಟು 500’, ಎರಡೂ ಒಂದೇ ಅಲ್ಲವೇ? (ಚಿಕ್ಕಮಗಳೂರು)

ಖಂಡಿತ ಅಲ್ಲ. ಕಿಲೋಗೆ 400 ಇದ್ದದ್ದು 500 ಆಯಿತು ಎನ್ನಿ. ಏರಿದ್ದು ‘ಬೈ 100’, ಮುಟ್ಟಿದ್ದು ‘ಟು 500’. ‘ಬೈ 500’ ಎಂದರೆ ದರ 900 ಆದಂತೆ. ಶೇಕಡಾದಲ್ಲಿ ಹೇಳುವುದಾದರೆ ‘ಬೈ 25 ಪರ್ಸೆಂಟ್’. ಬಡ್ಡಿ 8ರಿಂದ 10 ಪರ್ಸೆಂಟಿಗೆ ಏರಿದಾಗ ಮಾತ್ರ ಎಚ್ಚರ: ಏರಿದ್ದು ‘ಬೈ 2 ಪರ್ಸೆಂಟೇಜ್ ಪಾಯಿಂಟ್ಸ್’. ‘ಬೈ 2 ಪರ್ಸೆಂಟ್’ ಎಂದರೆ 8ರ ಮೇಲೆ ಶೇ. 2, ಅಂದರೆ ಬಡ್ಡಿ 8.16 ಆದೀತು ಅಷ್ಟೇ.

ಕೂಲಿಯ ಲೆಕ್ಕದಲ್ಲೂ ‘ಬೈ’ ಬರುತ್ತದೆ. ದಿನಗೂಲಿ ‘ಬೈ ದಿ ಡೇ’, ಹಣ್ಣು ಕೊಯ್ಲಿನ ತೂಕದ ಲೆಕ್ಕ ‘ಬೈ ದಿ ಕಿಲೋ’. ಇಲ್ಲಿ ‘ದಿ’ ಬಿಡುವಂತಿಲ್ಲ, ‘ಡೇಸ್’ ಎಂದು ಬಹುವಚನವೂ ಮಾಡುವಂತಿಲ್ಲ. ಇಷ್ಟು ರೂಪಾಯಿ ಎಂದು ದರ ಹೇಳುವಾಗ ಮಾತ್ರ ‘ಬೈ’ ಬಿಟ್ಟು ‘ಫೈವ್ ರುಪೀಸ್ ಪರ್ ಕಿಲೋ’ ಎನ್ನಿ.

ನಾನು ಗೈಡ್. ‘ಟೆಂಪಲ್ ಈಸ್ ಟೆನ್ ಮಿನಿಟ್ಸ್ ಬೈ ವಾಕ್’ ಎನ್ನುತ್ತೇನೆ, ಪ್ರವಾಸಿಗರು ನಗುತ್ತಾರೆ. (ಬೇಲೂರು)

‘ಟೆನ್ ಮಿನಿಟ್ಸ್ ಆನ್ ಫುಟ್’ ಎನ್ನಿ, ಅಥವಾ ‘ಎ ಟೆನ್ ಮಿನಿಟ್ ವಾಕ್’. ‘ಬೈ’ ವಾಹನಕ್ಕೆ: ಬೈ ಬಸ್, ಬೈ ಟ್ರೇನ್, ಬೈ ಕಾರ್. ಅದೂ ವಾಹನದ ಹೆಸರು ಒಂಟಿಯಾಗಿದ್ದಾಗ ಮಾತ್ರ. ‘ಮೈ’, ‘ದಿ’, ‘ಎ’ ಸೇರಿದ ಕೂಡಲೇ ‘ಇನ್ ಮೈ ಕಾರ್’, ‘ಆನ್ ದಿ ಏಟ್ ಓ ಕ್ಲಾಕ್ ಬಸ್’ ಆಗುತ್ತದೆ.

ನಿಮ್ಮ ಕೆಲಸಕ್ಕೆ ಇನ್ನೆರಡು ಮಾತು. ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ, ಅದಕ್ಕೆ ‘ಇನ್ 1117’. ‘ಬೈ 1117’ ಎಂದರೆ ಆ ಹೊತ್ತಿಗಾಗಲೇ ಆಗಿಹೋಗಿತ್ತು, ಇನ್ನೂ ಮೊದಲೇ ಆಗಿದ್ದಿರಬಹುದು ಎಂಬ ಅನುಮಾನಕ್ಕೆ ಎಡೆ. ಗುಡಿ ಕಟ್ಟಿಸಿದ ದೊರೆಗೆ ‘ಬಿಲ್ಟ್ ಬೈ ವಿಷ್ಣುವರ್ಧನ’ ಎನ್ನುವುದು ಇಂಗ್ಲಿಷಿನಲ್ಲಿ ನಡೆಯುತ್ತದೆ, ಏಕೆಂದರೆ ಕಟ್ಟಿದವನಿಗೂ ಕಟ್ಟಿಸಿದವನಿಗೂ ಅಲ್ಲಿ ಒಂದೇ ‘ಬೈ’. ಆದರೆ ಕೆಲವು ಮದನಿಕೆಗಳ ಮುಂದೆ ನಿಂತಾಗ ‘ಕಾರ್ವ್ಡ್ ಬೈ’ ಎಂದು ಹೇಳಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಹೆಸರು ಸೇರಿಸಿ. ಅವರ ಹೆಸರು ಕಲ್ಲಿನಲ್ಲೇ ಇದೆ.

ಸಹಕಾರ ಸಂಘದ ‘ಬೈಲಾ’ದಲ್ಲಿ ‘ಬೈ’ ಎಂದರೇನು? ಕೊನೆಗೆ ‘ಇ’ ಅಕ್ಷರ ಬೇಕೋ ಬೇಡವೋ? (ಕಡೂರು)

ಅದು ಮೂಲದಲ್ಲಿ ಈ ‘ಬೈ’ ಅಲ್ಲ. ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಲ್ಲಿ ಊರು ಎಂಬ ಅರ್ಥದ ಪದದಿಂದ ಬಂದದ್ದು. ಇಂಗ್ಲೆಂಡಿನ ಡರ್ಬಿ, ವಿಟ್ಬಿ ಊರುಗಳ ಬಾಲದಲ್ಲಿರುವುದೂ ಅದೇ. ‘ಊರಿನ ಕಟ್ಟಳೆ’ ಎಂದಂತೆ. ‘ಇ’ ಇದ್ದರೂ ಇಲ್ಲದಿದ್ದರೂ ಸರಿ, ಆದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಇಂಗ್ಲಿಷ್ ಪಾಠದಲ್ಲಿ ‘ಇ’ ಇದೆ. ಸಂಘದ ದಾಖಲೆಯಲ್ಲಿ ಅದನ್ನೇ ಅನುಸರಿಸಿ. ಬೈ-ಎಲೆಕ್ಷನ್, ಬೈಪಾಸ್, ಬೈಪ್ರಾಡಕ್ಟ್‌ಗಳಲ್ಲಿ ಇರುವುದು ಮಾತ್ರ ನಮ್ಮ ಈ ‘ಬೈ’ಯೇ, ಪಕ್ಕದ್ದು ಎಂಬ ಅರ್ಥದಲ್ಲಿ. ಹೊರಡುವಾಗ ಹೇಳುವ ‘ಬೈ’ಗೆ ಇವು ಯಾವುದರ ನಂಟೂ ಇಲ್ಲ. ‘ಗಾಡ್ ಬಿ ವಿತ್ ಯೀ’ ಎಂಬ ಹರಕೆ ಸವೆದು ‘ಗುಡ್‌ಬೈ’ ಆಯಿತು, ಅದರ ತುಂಡು ಇದು.

‘ಐ ಬೈಹಾರ್ಟೆಡ್ ದಿ ಪೊಯಮ್’ ಸರಿಯೇ? (ಹಾಸನ)

ಕನ್ನಡದಲ್ಲಿ ‘ಬೈಹಾರ್ಟ್ ಮಾಡು’ ಎನ್ನಲು ಅಡ್ಡಿಯಿಲ್ಲ. ಪರೀಕ್ಷೆಯ ಹಾಳೆಯಲ್ಲಿ ‘ಐ ಲರ್ನ್ಟ್ ದಿ ಪೊಯಮ್ ಬೈ ಹಾರ್ಟ್’ ಎಂದು ಬರೆಯಿರಿ. ಬೈ, ಹಾರ್ಟ್ ಬೇರೆ ಬೇರೆ ಪದ, ಕ್ರಿಯಾಪದ ‘ಲರ್ನ್’.