ಲೋ ಬೀಳುತ್ತಿಲ್ಲ ಅಂತ ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸಬೇಡಿ, ಮೊದಲು ಇಷ್ಟು ನೋಡಿ

ಪ್ರಶ್ನೆ: ಹೊಸನಗರದ ಹತ್ತಿರ ನಮ್ಮ ಅಡಿಕೆ ತೋಟ ಇದೆ. ಒಂದೇ ಲಿವರ್ ಇರುವ ಹಳೆ ಫೋರ್ ವೀಲ್ ಜೀಪ್ ಇಟ್ಟುಕೊಂಡಿದ್ದೇನೆ. ಫೋರ್ ಹೈ (ನಾಲ್ಕೂ ಚಕ್ರ ಮಾಮೂಲಿ ವೇಗದಲ್ಲಿ ಎಳೆಯುವುದು) ಸಲೀಸಾಗಿ ಬೀಳುತ್ತದೆ. ಲೋ (ನಾಲ್ಕೂ ಚಕ್ರ ನಿಧಾನವಾಗಿ, ಜೋರಾಗಿ ಎಳೆಯುವುದು) ಹಾಕಲು ಹೋದರೆ ಲಿವರ್ ನ್ಯೂಟ್ರಲ್‌ವರೆಗೆ ಬಂದು ಕಲ್ಲಿಗೆ ತಾಗಿದ ಹಾಗೆ ನಿಂತುಬಿಡುತ್ತದೆ. ಒತ್ತಿದರೆ ಕರ್ರ್ ಅನ್ನುತ್ತದೆ. ಟ್ರಾನ್ಸ್‌ಫರ್ ಕೇಸ್ (ಗೇರ್ ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಬಿಚ್ಚಬೇಕು ಅಂತ ಒಬ್ಬರು ಹೇಳಿದ್ದಾರೆ. ಕೊಳೆರೋಗಕ್ಕೆ ಮದ್ದು ಹೊಡೆಯುವ ಕಾಲ ಬಂತು, ಡ್ರಮ್ ಹೇರಿಕೊಂಡು ತೋಟಕ್ಕೆ ಇಳಿಯಬೇಕು. ಏನು ಮಾಡಲಿ?

ಉತ್ತರ: ಸದ್ಯ ಬಿಚ್ಚಿಸಬೇಡಿ. ಹೈ ಸರಿಯಾಗಿ ಬೀಳುತ್ತಿದೆ ಅಂದರೆ ಒಳಗಿನ ಸಾಮಾನು ಹೆಚ್ಚಾಗಿ ಚೆನ್ನಾಗಿಯೇ ಇರುತ್ತದೆ. ಲೋ ಬೀಳದ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಹಾಕುವ ಕ್ರಮ, ಆಮೇಲೆ ಕ್ಲಚ್, ಆಮೇಲೆ ಲಿವರ್‌ನ ಕೆಳಗಿನ ಜೋಡಣೆ. ಬಿಚ್ಚುವುದು ಕಡೆಗೆ.

ಹೈ ಹಾಕುವುದಕ್ಕೂ ಲೋ ಹಾಕುವುದಕ್ಕೂ ವ್ಯತ್ಯಾಸ ಇದೆ. ಎಷ್ಟೋ ಗಾಡಿಗಳಲ್ಲಿ ಹೈ ಅನ್ನು ಓಡುತ್ತಿರುವಾಗಲೇ ಹಾಕಬಹುದು. ಲೋಗೆ ಹಾಗಲ್ಲ. ಅಲ್ಲಿ ಎರಡು ಸಾಲು ಹಲ್ಲುಗಳು ಒಂದರೊಳಗೊಂದು ಕೂರಬೇಕು, ವೇಗ ಸರಿದೂಗಿಸುವ ಸಿಂಕ್ರೊ ಹೆಚ್ಚಿನ ಗಾಡಿಗಳಲ್ಲಿ ಇರುವುದಿಲ್ಲ. ಒಂದು ಕಡೆ ತಿರುಗುತ್ತಿದ್ದರೆ ಕರ್ರ್ ಅನ್ನುತ್ತದೆ. ಎರಡೂ ನಿಂತಿದ್ದು ಹಲ್ಲಿಗೆ ಹಲ್ಲು ಎದುರಾದರೆ, ನೀವು ಹೇಳಿದ ಹಾಗೆ, ಕಲ್ಲಿಗೆ ತಾಗಿದಂತೆ ನಿಲ್ಲುತ್ತದೆ. ನಿಮಗೆ ಎರಡೂ ಆಗುತ್ತಿದೆ. ಹಾಗಾಗಿ ಹೀಗೆ ಮಾಡಿ ನೋಡಿ.

ಸಮತಟ್ಟಾದ ಜಾಗದಲ್ಲಿ ಗಾಡಿ ಪೂರ್ತಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಮೇನ್ ಗೇರ್ ನ್ಯೂಟ್ರಲ್‌ಗೆ ತನ್ನಿ. ಕ್ಲಚ್ ತಳದವರೆಗೆ ಒತ್ತಿ ಮೂರು ನಾಲ್ಕು ಸೆಕೆಂಡ್ ಸುಮ್ನೆ ಕಾಯಿರಿ, ಒಳಗೆ ತಿರುಗುತ್ತಿರುವುದು ನಿಲ್ಲಲಿ. ಆಮೇಲೆ ಲಿವರ್ ಅನ್ನು ಒಂದೇ ಸಮ ನೂಕಿ. ಮಧ್ಯೆ ಅನುಮಾನಿಸಿದರೆ ನ್ಯೂಟ್ರಲ್‌ನಲ್ಲೇ ನಿಂತುಬಿಡುತ್ತದೆ. ಆಗಲೂ ಕೂರದಿದ್ದರೆ ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ನಲ್ಲೇ ಇರಲಿ. ಮೇನ್ ಗೇರ್ ಫಸ್ಟ್‌ಗೆ ಹಾಕಿ ಕ್ಲಚ್ ಒಂದು ಕ್ಷಣ ಬಿಟ್ಟು ಮತ್ತೆ ಒತ್ತಿ. ಒಳಗಿನ ಶಾಫ್ಟ್ ಸ್ವಲ್ಪ ತಿರುಗಿ ಹಲ್ಲುಗಳ ಜಾಗ ಬದಲಾಗುತ್ತದೆ. ಮೇನ್ ಗೇರ್ ಮತ್ತೆ ನ್ಯೂಟ್ರಲ್‌ಗೆ ತಂದು ಲೋ ಹಾಕಿ.

ಒಂದು ಮಾತು ಮರೆಯಲೇಬೇಡಿ. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿರುವಾಗ ಎಂಜಿನ್‌ಗೂ ಚಕ್ರಗಳಿಗೂ ಸಂಬಂಧವೇ ಇರುವುದಿಲ್ಲ. ಫಸ್ಟ್ ಗೇರ್‌ನಲ್ಲಿ ನಿಲ್ಲಿಸಿದ್ದೇನೆ ಅಂದುಕೊಂಡರೂ ಗಾಡಿ ಉರುಳುತ್ತದೆ. ಉಬ್ಬಿನ ಅರ್ಧದಲ್ಲಿ ನಿಂತು ಹೈನಿಂದ ಲೋಗೆ ಬದಲಿಸುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ದಯವಿಟ್ಟು ಬೇಡ. ತೋಟದ ದಾರಿಗೆ ಇಳಿಯುವ ಮೊದಲೇ, ಸಮತಟ್ಟಿನಲ್ಲೇ ಹಾಕಿಕೊಳ್ಳಿ.

ಇಷ್ಟಾದರೂ ಕರ್ರ್ ಅನ್ನುತ್ತದೆ ಅಂದರೆ ಕ್ಲಚ್ ಮೇಲೆ ನನಗೆ ಅನುಮಾನ. ಕ್ಲಚ್ ಒತ್ತಿ ಐದು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ ನೋಡಿ. ಅದೂ ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕೇಬಲ್ ಅಡ್ಜಸ್ಟ್ ಮಾಡಿಸಿ ಅಥವಾ ಕ್ಲಚ್ ಆಯಿಲ್ ಮಟ್ಟ ನೋಡಿ. ಟ್ರಾನ್ಸ್‌ಫರ್ ಕೇಸ್ ಮುಟ್ಟುವ ಕೆಲಸವೇ ಇಲ್ಲ.

ಸದ್ದೇ ಇಲ್ಲದೆ ಲಿವರ್ ತಡೆಯುತ್ತಿದ್ದರೆ ಎಂಜಿನ್ ಆಫ್ ಮಾಡಿ ಚಕ್ರಗಳಿಗೆ ಕಲ್ಲು ಕೊಡಿ. ಒಬ್ಬರು ಮೇಲೆ ಲಿವರ್ ಆಡಿಸಲಿ, ಇನ್ನೊಬ್ಬರು ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಲಿ. ಕಳೆದ ಮಳೆಗಾಲದಲ್ಲಿ ಇದೇ ದೂರಿನ ಒಂದು ಜೀಪ್ ನನ್ನ ಹತ್ತಿರ ಬಂತು. ಲಿವರ್‌ನ ರಬ್ಬರ್ ಬೂಟ್ ಹರಿದಿತ್ತು. ಅದನ್ನು ಎತ್ತಿದರೆ ಕೆಳಗೆ ಕೆಮ್ಮಣ್ಣು, ಅಡಿಕೆ ಸೋಗೆಯ ಚೂರು ಎಲ್ಲ ಸೇರಿ ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಮುಷ್ಟಿಯಷ್ಟು ದೊಡ್ಡ ಉಂಡೆ, ಲೋ ಕಡೆಗೆ ಲಿವರ್ ಹೋಗುವ ಜಾಗದಲ್ಲೇ ಕೂತಿತ್ತು. ಸ್ಕ್ರೂಡ್ರೈವರ್‌ನಿಂದ ಕೆರೆದು ತೆಗೆದು, ನೀರು ಹೊಡೆದು, ಪಿನ್‌ಗಳಿಗೆ ಗ್ರೀಸ್ ಹಾಕಿದೆ. ಲಿವರ್ ಎರಡು ಬೆರಳಲ್ಲಿ ಹೋಯಿತು. ಕೆಸರು ಇಲ್ಲದಿದ್ದರೆ ಬುಷ್ (ಜೋಡಣೆಯ ಕೀಲುಗಳೊಳಗಿನ ಬಳೆ) ನೋಡಿ. ಮೇಲೆ ಲಿವರ್ ಪೂರ್ತಿ ಹೋದರೂ ಕೆಳಗೆ ಟ್ರಾನ್ಸ್‌ಫರ್ ಕೇಸ್‌ನ ತೋಳು ಪೂರ್ತಿ ಸರಿಯದಿದ್ದರೆ ಬುಷ್ ಸವೆದಿರುವ ಸಾಧ್ಯತೆ ಹೆಚ್ಚು.

ಹಿಂದಿನ ಎರಡು ಟೈರ್ ಮಾತ್ರ ಹೊಸದು ಹಾಕಿಸಿದ್ದೀರಾ? ಮುಂದೆ ಸವೆದದ್ದು, ಹಿಂದೆ ಹೊಸದು ಇದ್ದರೆ ಸುತ್ತಳತೆ ಬೇರೆಯಾಗುತ್ತದೆ. ಫೋರ್ ಹೈನಲ್ಲಿ ಟಾರು ರಸ್ತೆಯಲ್ಲಿ ಬಂದರೂ ಅದೇ ತೊಂದರೆ: ಹಿಂದಿನ ಮತ್ತು ಮುಂದಿನ ಶಾಫ್ಟ್ ಒಂದಕ್ಕೊಂದು ತಿರುಚಿಕೊಂಡು ಲಿವರ್ ಬಿಗಿಯುತ್ತದೆ. ಎರಡು ಮೂರು ಗಾಡಿ ಉದ್ದದಷ್ಟು ನೇರವಾಗಿ ರಿವರ್ಸ್ ಹೋಗಿ, ಬಿಗಿ ಸಡಿಲಾಗುತ್ತದೆ.

ಕೊನೆಗೆ ಟ್ರಾನ್ಸ್‌ಫರ್ ಕೇಸ್‌ನ ಆಯಿಲ್. ಹಳ್ಳ ದಾಟುವ ಗಾಡಿ ಆದರೆ ಲೆವೆಲ್ ಪ್ಲಗ್ ಬಿಚ್ಚಿ ಬೆರಳಿಟ್ಟು ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ನೀರು ಸೇರಿದೆ, ಬದಲಿಸಿ. ಕೆಲವು ಗಾಡಿಗೆ ಗೇರ್ ಆಯಿಲ್, ಕೆಲವಕ್ಕೆ ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ತೆಳು ಆಯಿಲ್). ನಿಮ್ಮ ಗಾಡಿಯ ಪುಸ್ತಕ ನೋಡಿಯೇ ಹಾಕಿಸಿ. ಲೋ ಬಿದ್ದ ಮೇಲೂ ಭಾರ ಬಿದ್ದಾಗ ಲಿವರ್ ಹಾರಿ ನ್ಯೂಟ್ರಲ್‌ಗೆ ಬರುತ್ತಿದ್ದರೆ ಮಾತ್ರ ಒಳಗೆ ಗೇರ್ ಸರಿಸುವ ಫೋರ್ಕ್ ಅಥವಾ ಅದನ್ನು ಜಾಗದಲ್ಲಿ ಹಿಡಿದಿಡುವ ಸ್ಪ್ರಿಂಗ್ ಸವೆದಿರಬಹುದು. ಆಗ ಬಿಚ್ಚಿಸಿ.

ಅಲ್ಲಿಯವರೆಗೆ ಲೋ ಇಲ್ಲದೆ ಡ್ರಮ್ ಹೇರಬೇಡಿ. 200 ಲೀಟರ್ ಮದ್ದು ಅಂದರೆ ಇನ್ನೂರು ಕೆ.ಜಿ.ಗೂ ಜಾಸ್ತಿ. ಹತ್ತುವುದಾದರೂ ಹೇಗೋ ಆದೀತು, ಇಳಿಯುವುದು ಕಷ್ಟ. ಲೋನಲ್ಲಿ ಗೇರ್ ಎರಡರಿಂದ ಎರಡೂವರೆ ಪಟ್ಟು ನಿಧಾನ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಅದಿಲ್ಲದೆ ಒದ್ದೆ ಜಂಬಿಟ್ಟಿಗೆ ದಾರಿಯಲ್ಲಿ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ಜಾರುತ್ತಲೇ ಇರುತ್ತದೆ.

ಪ್ರಶ್ನೆ: ನನ್ನದು ಲಿವರ್ ಅಲ್ಲ, ತಿರುಗಿಸುವ ಗುಂಡಿ. ಫೋರ್ ಲೋ ಕಡೆ ತಿರುಗಿಸಿದರೆ ದೀಪ ಮಿನುಗುತ್ತಲೇ ಇರುತ್ತದೆ, ಬೀಳುವುದಿಲ್ಲ. (ಸಾಗರದ ಓದುಗರು)

ಉತ್ತರ: ನಿಮ್ಮ ಗಾಡಿಯಲ್ಲಿ ಆ ಕೆಲಸ ಮಾಡುವುದು ಟ್ರಾನ್ಸ್‌ಫರ್ ಕೇಸ್ ಮೇಲಿನ ಒಂದು ಸಣ್ಣ ಮೋಟಾರ್. ಗಾಡಿ ನಿಂತಿದೆ, ಗೇರ್ ನ್ಯೂಟ್ರಲ್‌ನಲ್ಲಿದೆ, ಕ್ಲಚ್ ತಳಕ್ಕೆ ಹೋಗಿದೆ ಅಂತ ಖಾತ್ರಿ ಆದರೆ ಮಾತ್ರ ಅದಕ್ಕೆ ಅಪ್ಪಣೆ ಸಿಗುತ್ತದೆ. ಮೂರನ್ನೂ ಮಾಡಿ ಗುಂಡಿ ತಿರುಗಿಸಿ, ಇನ್ನೊಬ್ಬರು ಪಕ್ಕದಲ್ಲಿ ಕಿವಿಗೊಡಲಿ. ಮೋಟಾರ್ ತಿರುಗಿದ ಸದ್ದು ಬಂದೂ ದೀಪ ಮಿನುಗಿದರೆ ಅದು ಹಲ್ಲಿಗೆ ಹಲ್ಲು ತಾಗಿದ ಪ್ರಕರಣ. ಗಾಡಿಯನ್ನು ಒಂದು ಅಡಿ ಹಿಂದೆ ಮುಂದೆ ಉರುಳಿಸಿ ಮತ್ತೆ ನೋಡಿ. ಸದ್ದೇ ಇಲ್ಲದಿದ್ದರೆ ಫ್ಯೂಸ್, ಕ್ಲಚ್ ಪೆಡಲ್ ಸ್ವಿಚ್, ಆಮೇಲೆ ಮೋಟಾರ್‌ನ ಕನೆಕ್ಟರ್ ನೋಡಿಸಿ. ನಮ್ಮ ಮಳೆಗೆ ಕನೆಕ್ಟರ್ ಪಿನ್‌ಗೆ ಹಸಿರು ಕಿಲುಬು ಹಿಡಿಯುತ್ತದೆ. ಬ್ಯಾಟರಿ ಸೊರಗಿದ್ದರೂ ಹೀಗಾಗುತ್ತದೆ, ಅದನ್ನೂ ಒಮ್ಮೆ ಅಳೆಸಿ. ಎಲ್ಲ ಸರಿ ಇದ್ದೂ ಮೋಟಾರ್ ಅಲ್ಲಾಡದಿದ್ದರೆ ಅದು ಬಳಸದೆ ಒಳಗೆ ತುಕ್ಕು ಹಿಡಿದಿರಬಹುದು. ಅದನ್ನು ಟ್ರಾನ್ಸ್‌ಫರ್ ಕೇಸ್ ಬಿಚ್ಚದೆಯೇ ಹೊರಗಿನಿಂದ ಕಳಚಬಹುದು. ರಿಪೇರಿ ಆದ ಮೇಲೆ ತಿಂಗಳಿಗೊಮ್ಮೆ, ಬೇಸಿಗೆಯಲ್ಲೂ, ಮಣ್ಣು ದಾರಿಯಲ್ಲಿ ಲೋ ಹಾಕಿ ನೂರು ಮೀಟರ್ ಓಡಿಸಿ.